ಸಾಪ್ ಜಾಗ

ಹೊಸ ಕಂಪ್ಯೂಟರ್ ಕೊಂಡವರು ಯಾರಾದರೂ ‘ಸ್ವಾಪ್‌ಗೆ ಎಷ್ಟು ಜಾಗ ಬಿಡಬೇಕ್ರೀ?’ ಎಂದು ಕೇಳಿದರೆ ನಾನು ಊರೆಲ್ಲ ಹೇಳುವುದನ್ನೇ ಹೇಳುತ್ತೇನೆ: ಮೆಮೊರಿ ಎಷ್ಟಿದೆಯೋ ಅದರ ಎರಡು ಪಟ್ಟು. ಹೇಳಿ ಮಾತನ್ನು ಬೇರೆ ಕಡೆಗೆ ತಿರುಗಿಸುತ್ತೇನೆ. ಆ ಲೆಕ್ಕವನ್ನು ನಾನು ಸ್ವಂತ ಬುದ್ಧಿಯಿಂದ ಹಾಕಿದ್ದು ಒಂದೇ ಒಂದು ಸಲ. ಅದೂ ಜೀವ ಕೈಯಲ್ಲಿ ಹಿಡಿದುಕೊಂಡು, ಮಟಮಟ ಮಧ್ಯಾಹ್ನ, ಬಾಗಿಲು ತೆರೆದ ಅಂಗಡಿಯಲ್ಲಿ ಕೂತು. ಇಷ್ಟು ವರ್ಷ ಕಳೆದರೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮೂರು ಗುರುಗುಂಟಾ. ಅಪ್ಪನ ಮುಖ ನನಗೆ ನೆನಪಿಲ್ಲ. ನಾನು ನಡೆಯಲು ಕಲಿಯುವ ಮೊದಲೇ ತೀರಿಹೋಗಿದ್ದ. ಪಿಯುಸಿ ಮುಗಿಸಿ ಲಿಂಗಸುಗೂರಿನಲ್ಲಿ ಕನ್ನಡ ಟೈಪಿಂಗ್ ಕಲಿತು, ಮಸ್ಕಿಯಲ್ಲಿದ್ದ ದೊಡ್ಡವ್ವನ ಮನೆಗೆ ಬಂದು, ಅಲ್ಲಿನ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದೆ. ಪ್ರೆಸ್ಸಿನ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕಿ. ರಕ್ತಸಂಬಂಧ ಏನೂ ಇರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಮೂವತ್ತು ವರ್ಷ ಕಾಕಾ ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ಸಾಲು ಕಟ್ಟಿ, ಮದುವೆ ಕಾರ್ಡು, ಕರಪತ್ರ, ಸಾವಿನ ಚೀಟಿ ಅಚ್ಚು ಹಾಕಿದವರು. ಅವರ ಬೆರಳ ತುದಿ ಎಷ್ಟು ತೊಳೆದರೂ ಕಪ್ಪಗೇ ಇರುತ್ತಿತ್ತು.

ಸಾವಿನ ಚೀಟಿಗೆ ಅವರದೊಂದು ಕಟ್ಟುನಿಟ್ಟು ಇತ್ತು. ಮದುವೆ ಕಾರ್ಡಿನ ಮೊಳೆಗಳನ್ನು ಕಟ್ಟಿದ ಹಾಗೇ ವಾರಗಟ್ಟಲೆ ಇಡುತ್ತಿದ್ದರು. ಸಾವಿನದಾದರೆ ಅಚ್ಚು ಮುಗಿದ ಕೂಡಲೇ ದಾರ ಬಿಚ್ಚಿ, ಅಕ್ಷರಗಳನ್ನೆಲ್ಲ ಅವುಗಳ ಖಾನೆಗೆ ಹಾಕಿಯೇ ಅನ್ನ ಮುಟ್ಟುತ್ತಿದ್ದರು. ‘ಸತ್ತವರ ಹೆಸರು ಕಟ್ಟಿಟ್ಟು ಹೊತ್ತು ಮುಳುಗಿಸಬಾರದು ಬೇ. ಅದು ಜೋಡಿ ಬೇಡತೈತಿ’ ಎನ್ನುತ್ತಿದ್ದರು. ಊರಿನಲ್ಲೂ ಹಾಗೇ ಅಲ್ಲವೆ? ಸಾವಿನ ಸುದ್ದಿಯ ಕಾಗದ ಬಂದರೆ ಓದಿದವರು ಅಂಗಳದಲ್ಲೇ ಹರಿದು ಒಗೆಯುತ್ತಾರೆ, ಹೊಸ್ತಿಲು ದಾಟಿಸುವುದಿಲ್ಲ. ನಾನು ಓದಿದವಳು, ಮೊದಮೊದಲು ಒಳಗೊಳಗೇ ನಗುತ್ತಿದ್ದೆ.

ಕಂಪ್ಯೂಟರ್ ಬಂದದ್ದು ನಾನು ಸೇರಿದ ವರ್ಷವೇ. ಯಾರೋ ಬಳಸಿಬಿಟ್ಟಿದ್ದನ್ನು ಲಿಂಗಸುಗೂರಿನ ಒಬ್ಬ ರಿಪೇರಿಯವನು ತಂದು ಕೂರಿಸಿ ಹೋದ. ಅವನನ್ನು ನಾವು ಇಂಜಿನಿಯರ್ ಎಂದೇ ಕರೆಯುತ್ತಿದ್ದೆವು. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿ ನಾನು ಕೆಲಸ ಸುರು ಮಾಡಿದೆ. ಕಾಕಾ ಮಾತ್ರ ದೂರದ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ‘ನನಗ ಆ ಗಾಜಿನ ಡಬ್ಬಿ ಬ್ಯಾಡ. ಮುಟ್ಟಿದರ ಅಕ್ಷರ ಕೈಗೆ ಹತ್ತಂಗಿಲ್ಲ’ ಎಂದು ಮೂಗು ಮುರಿದಿದ್ದರು. ಆದರೆ ಸಾವಿನ ಚೀಟಿ ಮುಗಿದ ಮೇಲೆ ಅದರ ಫೈಲು ಅಳಿಸಿದೆನೋ ಇಲ್ಲವೋ ಎಂದು ತಪ್ಪದೆ ಕೇಳುತ್ತಿದ್ದರು. ‘ಬಿಚ್ಚಿದೇನು?’ ‘ಬಿಚ್ಚೀನ್ರಿ ಕಾಕಾ.’ ನಮ್ಮಿಬ್ಬರ ದಿನ ಮುಗಿಯುತ್ತಿದ್ದದ್ದು ಈ ಮಾತಿನಿಂದ.

ಮದುವೆಯ ಹಂಗಾಮು ಬಂತು. ಯಂತ್ರ ನಾಲ್ಕು ಸಾಲು ಬರೆಯುವಷ್ಟರಲ್ಲಿ ಕಲ್ಲಾಗಿ ನಿಲ್ಲುತ್ತಿತ್ತು. ಇಂಜಿನಿಯರ್ ಬಸ್ಸಿಳಿದು ಬಂದು, ಬೆವರು ಒರೆಸಿಕೊಂಡು, ಡಬ್ಬಿಯ ಮುಂದೆ ಕೂತ.

‘ಯಜಮಾನ್ರ, ಇದಕ್ಕ ಮೆಮೊರಿ ಹದಿನಾರು ಎಂಬಿ ಅಷ್ಟ ಐತ್ರಿ. ಮೇಜು ಸಣ್ಣದು ಅಂತ ತಿಳ್ಕೋರಿ. ಕೆಲಸ ಹೆಚ್ಚಾತಂದ್ರ ಮೇಜಿನ ಮ್ಯಾಲಿಂದು ತಗದು ನೆಲಕ್ಕ ಇಡ್ತೈತಿ, ಬೇಕಾದಾಗ ಮತ್ತ ಎತ್ಗೊಂತೈತಿ. ಆ ನೆಲಕ್ಕ ಸ್ವಾಪ್ ಜಾಗ ಅಂತಾರ. ಎಷ್ಟು ಬಿಡೂದು ಹೇಳ್ರಿ.’

‘ಸಾಪ್ ಜಾಗ!’ ಕಾಕಾನ ಮುಖ ಅರಳಿತು. ನಮ್ಮ ಕಡೆ ಕಸ ಗುಡಿಸಿದರೂ ಸಾಪ್, ತಟ್ಟೆ ತೊಳೆದರೂ ಸಾಪ್. ನಿಜಾಮನ ಕಾಲದಿಂದ ಬಾಯಿಗೆ ಬಂದ ಮಾತು. ಯಂತ್ರದೊಳಗೆ ಎಲ್ಲವನ್ನೂ ತೊಳೆದು ಚೊಕ್ಕಟ ಮಾಡುವ ಒಂದು ಜಾಗವಿದೆ ಎಂದು ಅವರು ತಿಳಿದರು. ‘ಹಂಗಾರ ದೊಡ್ಡದು ಬಿಡಪಾ. ಅದಕ್ಯಾಕ ಜಿಪುಣತನ?’

‘ಎರಡು ಪಟ್ಟು, ಮೂವತ್ತೆರಡು ಬಿಟ್ರ ಸಾಕ್ರಿ. ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು.’

‘ನೂರು ಬಿಡು. ಎಲ್ಲಾ ಸಾಪಾಗ್ಲಿ.’

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ, ತಿದ್ದಲಿಲ್ಲ. ಇಂಜಿನಿಯರ್‌ನನ್ನು ಬಾಗಿಲವರೆಗೆ ಕಳಿಸಲು ಹೋದಾಗ ಸುಮ್ಮನೆ ಕೇಳಿದೆ: ನೆಲಕ್ಕಿಟ್ಟದ್ದು ಆಮೇಲೆ ಎಲ್ಲಿ ಹೋಗುತ್ತದೆ? ‘ಎಲ್ಲೂ ಹೋಗಂಗಿಲ್ಲ. ಮ್ಯಾಲೆ ಬ್ಯಾರೇದು ಬಂದು ಕೂಡೂತನ ಅಲ್ಲೇ ಬಿದ್ದಿರ್ತೈತಿ. ಬಂದ್ ಮಾಡಿದ್ರೂ ಇರ್ತೈತಿ. ನೀವು ಫೈಲು ಅಳಿಸಿದ್ರೂ ಅಲ್ಲಿ ತುಂಡುತುಂಡು ಉಳದಿರ್ತಾವ. ಜಾಗ ದೊಡ್ಡದಿದ್ದಷ್ಟು ಹಳೇದು ಹೆಚ್ಚು ದಿನ ಬಾಳತೈತಿ’ ಎಂದು ಹೇಳಿ ಲಿಂಗಸುಗೂರಿನ ಬಸ್ಸು ಹತ್ತಿದ. ನಾನು ತಿರುಗಿ ಒಳಗೆ ಬಂದಾಗ ಯಂತ್ರ ತನ್ನಷ್ಟಕ್ಕೆ ತಾನೇ ಗರಗರ ಸದ್ದು ಮಾಡುತ್ತಿತ್ತು. ‘ಯಾರ ಜೋಡಿ ಮಾತಾಡಾಕತ್ತೈತಿ ಅದು?’ ಎಂದು ಕಾಕಾ ಕೇಳಿದರು. ‘ಸಾಪ್ ಮಾಡಾಕತ್ತೈತ್ರಿ’ ಎಂದೆ. ಹಾಗೆ ಹೇಳಬಾರದಿತ್ತು.

ಅಲ್ಲಿಂದ ಕೆಲಸವೇನೋ ಸರಾಗವಾಯಿತು. ಆದರೆ ಬೇರೆಯದೊಂದು ಸುರುವಾಯಿತು. ಮಧ್ಯಾಹ್ನ ಒಂದಕ್ಕೆ ಯಂತ್ರವನ್ನು ಕ್ರಮವಾಗಿ ಮುಚ್ಚಿ, ಬಟ್ಟೆ ಹೊದಿಸಿ, ದೊಡ್ಡವ್ವನ ಮನೆಗೆ ಉಣ್ಣಲು ಹೋಗುತ್ತಿದ್ದೆ. ಎರಡೂವರೆಗೆ ಬಂದು ಹಚ್ಚಿದರೆ ನೀಲಿ ಪರದೆ ಬಂದು, ನೀವು ಇದನ್ನು ಸರಿಯಾಗಿ ಮುಚ್ಚದೆ ಹೋಗಿದ್ದೀರಿ ಎಂದು ಇಂಗ್ಲಿಷಿನಲ್ಲಿ ದೂರು ಹೇಳುತ್ತಿತ್ತು. ಮೊದಲ ದಿನ ನನ್ನದೇ ಮರೆವು ಅಂದುಕೊಂಡೆ. ಎರಡನೆಯ ದಿನ ಎರಡೆರಡು ಸಲ ನೋಡಿ ಮುಚ್ಚಿದೆ. ಮತ್ತೆ ಅದೇ ದೂರು. ಮೂರನೆಯ ದಿನ ಗಾಜಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಹೊದಿಸಿದ ಬಟ್ಟೆಯ ಹೂವಿನ ಕಡೆ ಒಳಗಾಗಿತ್ತು.

ಕಾಕಾ ಹೊರಗಿನ ಕಟ್ಟೆಯ ಮೇಲೆ ಟವೆಲ್ಲು ಮುಖಕ್ಕೆ ಹಾಕಿಕೊಂಡು ಮಲಗಿದ್ದರು.

‘ಕಾಕಾ, ಯಾರರೆ ಬಂದಿದ್ರೇನ್ರಿ? ಕಂಪ್ಯೂಟರ್ ಯಾರೋ ಮುಟ್ಯಾರ.’

‘ಉರಿ ಬಿಸಲಾಗ ಯಾರು ಬರ್ತಾರ ಬೇ? ನಾಯಿ ಸೈತ ಓಣ್ಯಾಗ ಇಲ್ಲ.’ ಟವೆಲ್ಲು ತೆಗೆಯದೆಯೇ ಹೇಳಿದರು.

ಇದು ಎರಡು ತಿಂಗಳು ನಡೆಯಿತು. ನಾನು ಕಾಕಾನ ಮೇಲೆ ಸಂಶಯಪಡಲೇ ಇಲ್ಲ. ಮುಟ್ಟುವುದಿಲ್ಲ ಎಂದವರು ಮುಟ್ಟುತ್ತಾರೆಯೇ, ಅದೂ ಅಂಥ ಹಟಮಾರಿ ಮನುಷ್ಯ! ಒಂದು ಸಂಜೆ ಅವರೇ ಕೆಮ್ಮುತ್ತ ಬಂದು ನನ್ನ ಹಿಂದೆ ನಿಂತು ಕೇಳಿದ್ದುಂಟು: ‘ಒಮ್ಮಿ ಜೋಡಿಸಿದ್ದು ಒಳಗ ಇರ್ತೈತಿ ಹೌದಿಲ್ಲ? ನಾವಾಗಿ ಬಿಚ್ಚೂತನ?’ ನಾನು ಯಾವುದೋ ಕಾರ್ಡಿನ ಗಡಿಬಿಡಿಯಲ್ಲಿದ್ದೆ. ‘ಇರ್ತೈತ್ರಿ’ ಎಂದೆ. ಮೊಳೆಗೆ ಅದು ನಿಜ. ಕಂಪ್ಯೂಟರಿನಲ್ಲಿ ಹೆಸರು ಕೊಟ್ಟು ಉಳಿಸದಿದ್ದರೆ ಬರೆದದ್ದು ನಮ್ಮ ಪಾಲಿಗೆ ಇಲ್ಲ ಎಂದು ಬಿಡಿಸಿ ಹೇಳಲು ನನಗೆ ಪುರಸೊತ್ತು ಎಲ್ಲಿತ್ತು!

ಆಮೇಲೊಂದು ದಿನ ಸಿಂಧನೂರಿನ ಬೀಜದ ಅಂಗಡಿಯವರ ಉದ್ದನೆಯ ಕರಪತ್ರ ಬರೆದು ಮುಗಿಸಿದ್ದೆ. ಭತ್ತದ ತಳಿಗಳ ಹೆಸರು, ನಾಟಿಯ ಕ್ರಮ, ಎರಡು ಪುಟ. ಉಳಿಸುವ ಮೊದಲೇ ಕರೆಂಟ್ ಹೋಯಿತು. ಮೂಲ ಹಾಳೆಯನ್ನು ಅವರು ವಾಪಸ್ ಒಯ್ದಾಗಿತ್ತು. ಎಸ್‌ಟಿಡಿ ಬೂತಿಗೆ ಓಡಿ ಲಿಂಗಸುಗೂರಿಗೆ ಫೋನು ಮಾಡಿದೆ. ‘ಸ್ವಾಪ್ ಫೈಲಿನಾಗ ಇದ್ರೂ ಇರಬಹುದು’ ಎಂದ ಇಂಜಿನಿಯರ್, ಕರೆಂಟ್ ಬಂದ ಮೇಲೆ ಕಪ್ಪು ಪರದೆಗೆ ಹೋಗಿ ಅದನ್ನು ಹೇಗೆ ತೆರೆದು ನೋಡಬೇಕೆಂದು ಹೇಳಿಕೊಟ್ಟ. ‘ಹಿಂದುಮುಂದು ಕಲಸಿಕೊಂಡಿರ್ತೈತಿ, ಹೆದರಬ್ಯಾಡ್ರಿ’ ಎಂದೂ ಹೇಳಿದ.

ಮರುದಿನ ಉಣ್ಣಲು ಹೋಗದೆ ಕೂತೆ. ಕಾಕಾ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇನೆಂದು ರಾಯಚೂರಿಗೆ ಹೋಗಿದ್ದರು. ಗ್ಯಾಸ್ ಅಂತೆ. ಬೀದಿ ಬಿಕೋ ಎನ್ನುತ್ತಿತ್ತು. ಆ ಕಾಲದ ನಮ್ಮ ಅಕ್ಷರಗಳು ಹೊರಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚುಕ್ಕೆ ಕೊಂಬುಗಳ ಕಲಸು. ಬೇರೆಯವರಿಗೆ ಅದು ಹುಚ್ಚರ ಸಂತೆ. ದಿನಾ ಅದರಲ್ಲೇ ಮುಳುಗೇಳುವ ನಮ್ಮಂಥ ಆಪರೇಟರುಗಳು ಮಾತ್ರ ಗಂಟೆಗಟ್ಟಲೆ ಕಣ್ಣಿಟ್ಟರೆ ಓದಬಲ್ಲೆವು. ನಾನು ಒಂದೊಂದೇ ಪರದೆ ಸರಿಸುತ್ತ ಓದತೊಡಗಿದೆ.

ಮೊದಲು ಭತ್ತ ಬಂತು, ಅರ್ಧ ಸಾಲು. ಆಮೇಲೆ ಯಾವುದೋ ಮದುಮಗಳ ಹೆಸರು. ಅದರ ಮಗ್ಗುಲಲ್ಲೇ, ನಡುವೆ ಗೆರೆ ಕೂಡ ಇಲ್ಲದೆ, ವಳಕಮದಿನ್ನಿಯ ಒಬ್ಬ ಅಜ್ಜಿ. ಆಕೆಯ ಸಾವಿನ ಚೀಟಿಯನ್ನು ನಾನೇ ಬರೆದು ನಾನೇ ಅಳಿಸಿದ್ದೆ. ಮುಂದಕ್ಕೆ ಸರಿಸಿದೆ. ಬಾವಿಗೆ ಬಿದ್ದ ಹುಡುಗಿ, ಬಸ್ಸಿನಡಿ ಸಿಕ್ಕ ಮಾಸ್ತರು, ಎರಡು ದಿನದ ಅಂತರದಲ್ಲಿ ಹೋದ ಗಂಡಹೆಂಡಿರು. ಬಿಚ್ಚೀನ್ರಿ ಕಾಕಾ, ಬಿಚ್ಚೀನ್ರಿ ಕಾಕಾ ಎಂದು ನಾನು ಪ್ರತಿ ಸಂಜೆ ಹೇಳಿದ ಅಷ್ಟೂ ಜನ ಅಲ್ಲಿದ್ದರು. ಒಬ್ಬರ ತಿಥಿಗೆ ಇನ್ನೊಬ್ಬರ ಊರು ಅಂಟಿಕೊಂಡಿತ್ತು. ಯಾರೂ ಎಲ್ಲೂ ಹೋಗಿರಲಿಲ್ಲ. ನೂರರಷ್ಟು ಜಾಗ ನಾವೇ ಬಿಟ್ಟುಕೊಟ್ಟಿದ್ದೆವಲ್ಲ, ನೆಮ್ಮದಿಯಾಗಿ ಬಿದ್ದುಕೊಂಡಿದ್ದರು.

ಇಷ್ಟಕ್ಕೇ ಎದ್ದು ಹೋಗಬೇಕಿತ್ತು. ಕರಪತ್ರದ ಉಳಿದ ಅರ್ಧ ಸಿಗಲೆಂದು ಮತ್ತೊಂದು ಪರದೆ ಸರಿಸಿದೆ.

‘ದುಃಖದಿಂದ ತಿಳಿಸುವುದೇನೆಂದರೆ’ ಎಂಬ ಸಾಲು. ಆಮೇಲೆ ಒಂದಷ್ಟು ಖಾಲಿ. ಆಮೇಲೆ ಹೊಸ ತುಂಡಿನ ಮೊದಲಲ್ಲೇ ‘ಕುಮಾರಿ’ ಎಂದು, ಅದರ ಮುಂದೆ ನನ್ನ ಹೆಸರು. ಅಪ್ಪನ ಹೆಸರಿನ ಮೊದಲಕ್ಷರ ಸಮೇತ. ಅದರ ಕೆಳಗೆ ಆತ್ಮಕ್ಕೆ ಶಾಂತಿ ಕೋರುವ ಸಾಲು. ಅಲ್ಲಿಗೆ ಮತ್ತೆ ಭತ್ತ.

ಆ ಯಂತ್ರದಲ್ಲಿ ನನ್ನ ಹೆಸರನ್ನು ನಾನು ಒಮ್ಮೆಯೂ ಬರೆದಿರಲಿಲ್ಲ. ಬರೆಯುವವಳು ನಾನೊಬ್ಬಳೇ. ದಿನಾ ಮಧ್ಯಾಹ್ನ ಬೆಚ್ಚಗಿರುತ್ತಿದ್ದ ಗಾಜು, ತಿರುವುಮುರುವಾದ ಬಟ್ಟೆ, ನೀಲಿ ಪರದೆಯ ದೂರು, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ನಾನಿಲ್ಲದಾಗ ಯಾರೋ ಇಲ್ಲಿ ಕೂತು ನನ್ನ ಸಾವಿನ ಚೀಟಿ ಜೋಡಿಸುತ್ತಿದ್ದಾರೆ. ಬಾಗಿಲಾಚೆ ಬಿಸಿಲು ಬೆಳ್ಳಗೆ ಬಿದ್ದಿತ್ತು, ಒಂದು ನರಪಿಳ್ಳೆಯೂ ಇಲ್ಲ. ಹಿಂದಿನ ಮನೆಯಲ್ಲಿ ಕಾಕಿ ಮೊರದಲ್ಲಿ ಅಕ್ಕಿ ಕೇರುವ ಸದ್ದು ಒಂದೇ ಕೇಳುತ್ತಿತ್ತು.

ಆಗ ನಾನು ಆ ಲೆಕ್ಕ ಹಾಕಿದೆ. ಎಷ್ಟು ಜಾಗ ಬೇಕು? ಒಂದು ಹೆಸರು ಕೂಡ ಉಳಿಯದಷ್ಟು ಸಾಕು! ಸ್ವಾಪ್ ಫೈಲನ್ನೇ ಅಳಿಸಿದೆ. ಅಳಿಸಿದರೂ ತುಂಡು ಉಳಿಯುತ್ತದೆ ಎಂಬ ಮಾತು ನೆನಪಾಗಿ, ಖಾಲಿಯಾದ ಜಾಗದ ತುಂಬ ಹಳೆಯ ಮದುವೆ ಕಾರ್ಡುಗಳ ಫೈಲುಗಳನ್ನು ಮತ್ತೆ ಮತ್ತೆ ನಕಲು ಮಾಡಿ ಸುರಿದೆ, ಡಿಸ್ಕು ಇನ್ನು ಹಿಡಿಸುವುದಿಲ್ಲ ಎನ್ನುವವರೆಗೆ. ಆಮೇಲೆ ಆ ನಕಲುಗಳನ್ನು ತೆಗೆದು, ನೂರು ಇದ್ದದ್ದನ್ನು ಹತ್ತಕ್ಕೆ ಇಳಿಸಿದೆ. ಬೀಜದ ಅಂಗಡಿಯವರ ಕರಪತ್ರವೂ ಹೋಯಿತು. ಹೋಗಲಿ, ಜೀವಕ್ಕಿಂತ ಹೆಚ್ಚೇ?

ಸಂಜೆ ಕಾಕಾ ಬಸ್ಸಿಳಿದು ಬಂದರು. ಮುಖ ಸೊರಗಿತ್ತು. ನನ್ನ ಹೆಸರಿನ ಮಾತು ಎತ್ತಲು ಧೈರ್ಯ ಬರಲಿಲ್ಲ.

‘ಕಾಕಾ, ಇವತ್ತು ಒಳಗ ಬಿದ್ದಿದ್ದ ಹಳೇದೆಲ್ಲ ತಗದು ಹಾಕೀನ್ರಿ.’

‘ಎಲ್ಲಾ?’

‘ಎಲ್ಲಾ.’

ಅವರು ಸ್ಟೂಲಿನ ಮೇಲೆ ಕೂತರು. ‘ಹೆಸರು ಇಡದ ಬಿಟ್ಟಿದ್ದೂ?’

‘ಅದ ಮೊದಲು ಹೋತ್ರಿ. ಪೂರಾ ಸಾಪ್.’

ಕಾಕಾ ತಮ್ಮ ಬೆರಳುಗಳನ್ನು ನೋಡಿಕೊಂಡರು. ‘ಆಗ್ಲಿ ಬಿಡು’ ಎಂದು ಒಳಗೆ ಹೋದರು.

ಅಂದಿನಿಂದ ನಾನು ಸಾಯುವುದನ್ನು ಕಾಯತೊಡಗಿದೆ. ನಗಬೇಡಿ. ಬಸ್ಸು ಹತ್ತುವುದನ್ನು ಬಿಟ್ಟೆ, ಸಿಂಧನೂರಿನ ಕೆಲಸ ಬಂದರೆ ಹೊಟ್ಟೆನೋವು ಎಂದೆ. ಬಾವಿಯ ಹತ್ತಿರ ಸುಳಿಯಲಿಲ್ಲ. ದೊಡ್ಡವ್ವ ‘ಈಕಿಗೆ ಗಾಳಿ ಸೋಕೇತಿ’ ಎಂದು ನಿಂಬೆಹಣ್ಣು ಇಳಿತೆಗೆದು ಮೂರು ದಾರಿ ಕೂಡುವಲ್ಲಿ ಇಟ್ಟು ಬಂದಳು. ವಾರ ಹೋಯಿತು, ತಿಂಗಳು ಹೋಯಿತು, ನನಗೆ ನೆಗಡಿ ಕೂಡ ಬರಲಿಲ್ಲ. ಮಧ್ಯಾಹ್ನ ಗಾಜು ಬೆಚ್ಚಗಾಗುವುದೂ ನಿಂತುಹೋಗಿತ್ತು.

ಹಾಸಿಗೆ ಹಿಡಿದವರು ಕಾಕಾ. ರಾಯಚೂರಿನ ಆಸ್ಪತ್ರೆಗೆ ಒಯ್ದರೆ, ಡಾಕ್ಟರು ಹತ್ತು ದಿನ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಗೆ ಬಂದ ಐದನೆಯ ಬೆಳಿಗ್ಗೆ ಹೋದರು. ಗ್ಯಾಸ್ ಅಲ್ಲ, ಆರು ತಿಂಗಳ ಹಿಂದೆಯೇ ಅವರಿಗೆ ಗೊತ್ತಿತ್ತು ಎಂದು ಕಾಕಿ ಆಮೇಲೆ ಹೇಳಿದರು. ನನಗೆ ಬಂದ ಯೋಚನೆಯನ್ನು ಹೇಳಲು ಈಗಲೂ ನಾಲಿಗೆ ತೊಡರುತ್ತದೆ. ನನ್ನ ಹೆಸರು ಹಿಡಿದು ಬಂದ ಸಾವು, ನಾನು ಹೆಸರು ಒರೆಸಿದ್ದರಿಂದ ದಾರಿ ತಪ್ಪಿ, ಒಳಗಿನ ಕೋಣೆಗೆ ಹೋಗಿ ಕಾಕಾನನ್ನು ಎತ್ತಿಕೊಂಡಿತು. ನಾನೇ ಕೊಂದೆ. ಹೆಣದ ಮುಂದೆ ಕೂತು ಅತ್ತವರಲ್ಲಿ ನನ್ನಷ್ಟು ಹೆದರಿ ಅತ್ತವರು ಯಾರೂ ಇರಲಿಲ್ಲ.

ಮೂರನೆಯ ದಿನ ಅವರ ಚೀಟಿ ಜೋಡಿಸಲು ಕೂತೆ. ಮತ್ಯಾರು ಮಾಡಬೇಕು? ಹತ್ತರಷ್ಟು ಜಾಗದಲ್ಲಿ ಯಂತ್ರ ಏದುಸಿರು ಬಿಡುತ್ತಿತ್ತು. ಒಂದು ಸಾಲು ಬರೆದು ಕಾಯಬೇಕು, ಮತ್ತೊಂದು ಸಾಲು ಬರೆದು ಕಾಯಬೇಕು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಕಾಕಿ ಬಂದು ಕಾಕಾನ ಸ್ಟೂಲಿನ ಮೇಲೆ ಕೂತರು. ಅವರಿಗೆ ಓದಲು ಬಾರದು.

‘ಏನು ಬರದಿ? ಓದು.’

ಓದಿದೆ. ತೀರಿಕೊಂಡ ವೇಳೆ, ದಿವಸದ ಊಟ, ಸ್ಥಳ. ಕೊನೆಗೆ ದುಃಖದಲ್ಲಿರುವವರ ಹೆಸರುಗಳು: ಹೆಂಡತಿ, ಇಬ್ಬರು ತಮ್ಮಂದಿರು, ಬಂಧುಬಳಗ.

‘ಮಗಳು ಎಲ್ಲಿ?’ ಎಂದರು ಕಾಕಿ.

ದುಃಖಕ್ಕೆ ಬುದ್ಧಿ ಕದಡಿದೆ ಎಂದುಕೊಂಡೆ. ‘ಯಾವ ಮಗಳ್ರಿ ಕಾಕಿ?’

‘ನೀ ಇದ್ದೀಯಲ್ಲ ಬೇ.’ ಕಾಕಿಯ ದನಿ ಗಟ್ಟಿಯಾಗಿಯೇ ಇತ್ತು. ‘ಅವರು ಜೋಡಿಸಿದ್ರಾಗ ಇತ್ತಲ್ಲ. ಹೆಂಡತಿ ಅಂತ ನನ್ನ ಹೆಸರು, ಅದರ ಕೆಳಗ ಮಗಳು ಕುಮಾರಿ ಅಂತ ನಿನ್ನ ಹೆಸರು. ನೀ ಉಣ್ಣಾಕ ಹೋದಾಗ ದಿನಾ ಕುಂತು ಒಂದೊಂದು ಅಕ್ಷರ ಹುಡುಕಿ ಹುಡುಕಿ ಕಲತ್ರು. ಆಕಿಗೆ ಹೇಳಬ್ಯಾಡ, ನಗತಾಳ ಅಂತಿದ್ರು. ಒಂದಿನ ಪೂರಾ ಜೋಡಿಸಿ ನನಗ ಓದಿ ತೋರಿಸಿದ್ರು. ನನ್ನ ಚೀಟಿ ನಾನ ಜೋಡಿಸೀನಿ, ಇದೊಂದು ಬಿಚ್ಚಬಾರದು ಅಂತ ಹೇಳಿ ಬಟನ್ ಬಂದ್ ಮಾಡಿದ್ರು. ಆಮ್ಯಾಲೆ ರಾಯಚೂರಿಂದ ಬಂದ ದಿನ, ಅದು ಹೋತಂತ ಅಂದ್ರು.’

‘ಮಗಳು’ ಎಂಬ ಮಾತು ತುಂಡಾಗಿ ಬೇರೆಲ್ಲೋ ಬಿದ್ದಿತ್ತು. ಇನ್ನೊಂದು ಪರದೆ ಹಿಂದೆಯೋ ಮುಂದೆಯೋ. ನಾನು ಹುಡುಕಲಿಲ್ಲ. ಅಪ್ಪನಿಲ್ಲದವಳು, ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಮಗಳೆಂದು ಬರೆದದ್ದನ್ನು ದೆವ್ವವೆಂದು ತಿಳಿದು ಸವರಿ ಹಾಕಿದ್ದೆ. ಕಾಕಾ ಎದುರಿಗೇ ನಿಂತು ಕೇಳಿದಾಗ ಹೆಮ್ಮೆಯಿಂದ ಪೂರಾ ಸಾಪ್ ಎಂದಿದ್ದೆ. ಥೂ ನನ್ನ ಜನ್ಮಕ್ಕೆ!

‘ಸಿಟ್ಟಾಗಿದ್ರೇನ್ರಿ?’ ಎಂದು ಹೇಗೋ ಕೇಳಿದೆ.

‘ಇಲ್ಲ. ಇನ್ನೊಮ್ಮಿ ಜೋಡಿಸಾಕ ಬೆರಳು ಏಳವಲ್ವು, ಇರ್ಲಿ, ಮಗಳ ಜೋಡಸ್ತಾಳ ಅಂದ್ರು. ಬರಿ.’

ಬರೆದೆ. ಕಣ್ಣು ಮಂಜಾಗಿ ಕೀಲಿ ಕಾಣದೆ ಎರಡು ಸಲ ತಪ್ಪಿದೆ. ಯಂತ್ರ ಗರಗರ ಎನ್ನುತ್ತ ಬಹಳ ಹೊತ್ತು ತೆಗೆದುಕೊಂಡಿತು. ಕೊನೆಗೆ ಆ ಸಾಲು ಪರದೆಯ ಮೇಲೆ ಬಂತು.

‘ಎಲ್ಲೈತಿ, ತೋರಸು’ ಎಂದರು ಕಾಕಿ. ನಾನು ಅವರ ಬೆರಳು ಹಿಡಿದು ಗಾಜಿನ ಮೇಲೆ, ‘ಮಗಳು’ ಎಂಬ ಆ ಮೂರು ಅಕ್ಷರದ ಮೇಲೆ ಇಟ್ಟೆ. ಅವರು ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳು ಸರಿಸಿ ಸರಿಸಿ ನೋಡಿದರು.

‘ಇಷ್ಟ ಸಣ್ಣದೇನು?’ ಎಂದರು. ‘ದೊಡ್ಡದು ಮಾಡಬೇ. ಓದಾಕ ಬರದವರಿಗೂ ಕಾಣಬೇಕು.’